ಜೋಸೆಫ್ ಬಾರ್‌ಕ್ರಾಫ್ಟ್

ಸರ್ ಜೋಸೆಫ್ ಬಾರ್‌ಕ್ರಾಫ್ಟ್ (ಜುಲೈ 26, 1872 – ಮಾರ್ಚ್ 21, 1947) ಐರ್ಲೆಂಡಿನಲ್ಲಿ ಜನಿಸಿದ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಕೆಲಸ ಮಾಡಿದ ಶರೀರಕ್ರಿಯಾ ವಿಜ್ಞಾನಿ. ರಕ್ತವು ಆಮ್ಲಜನಕವನ್ನು ಶ್ವಾಸಕೋಶದಿಂದ ಅಂಗಾಂಶಗಳಿಗೆ ಸಾಗಿಸುವ ಬಗೆ ಮತ್ತು ಈ ಸಾಗಾಣಿಕೆಗೆ ಅಡ್ಡಿಯಾದಾಗ ದೇಹವು ತೋರುವ ಪ್ರತಿಕ್ರಿಯೆ ಅವರ ಜೀವಮಾನದ ಅಧ್ಯಯನ ವಿಷಯಗಳಾಗಿದ್ದವು. ಅಂಗಾಂಶಗಳಿಗೆ ಆಮ್ಲಜನಕ ಸಾಲದಾಗುವ ಸ್ಥಿತಿಯನ್ನು ಅವರು 1920ರಲ್ಲಿ ಮೂರು ಬಗೆಗಳಾಗಿ ವಿಂಗಡಿಸಿದರು. ರಕ್ತಹೀನತೆಯಿಂದ ಉಂಟಾಗುವ ಕೊರತೆ ಅವುಗಳಲ್ಲಿ ಒಂದು. ತೀವ್ರ ರಕ್ತಹೀನತೆಯಲ್ಲಿ ರೋಗಿಯ ದೇಹದೊಳಗೆ ನಡೆಯುವುದನ್ನು ವಿವರಿಸಲು ವೈದ್ಯಶಾಸ್ತ್ರವು ಇಂದಿಗೂ ಈ ವಿಂಗಡಣೆಯನ್ನು ಬಳಸುತ್ತದೆ. ಅಪಾಯಕಾರಿಯಾದ ಹಲವು ಪ್ರಯೋಗಗಳನ್ನು ತಮ್ಮ ದೇಹದ ಮೇಲೆಯೇ ನಡೆಸಿಕೊಂಡದ್ದಕ್ಕಾಗಿಯೂ ಅವರು ಪ್ರಸಿದ್ಧರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬಾರ್‌ಕ್ರಾಫ್ಟ್ ಐರ್ಲೆಂಡಿನ ಡೌನ್ ಕೌಂಟಿಯ ನ್ಯೂರಿ ಎಂಬ ಪಟ್ಟಣದಲ್ಲಿ ಜನಿಸಿದರು. ಅವರ ಕುಟುಂಬವು ಕ್ವೇಕರ್ ಪಂಥಕ್ಕೆ ಸೇರಿತ್ತು. ಯುದ್ಧವನ್ನೂ ಹಿಂಸೆಯನ್ನೂ ವಿರೋಧಿಸುವ ಈ ಕ್ರೈಸ್ತ ಪಂಥದ ಹಿನ್ನೆಲೆಯು ಮುಂದೆ ಅವರ ಬದುಕಿನ ಒಂದು ಮುಖ್ಯ ಘಟ್ಟದಲ್ಲಿ ಪ್ರಶ್ನೆಯಾಗಿ ಎದುರಾಯಿತು. ಯಾರ್ಕ್ ನಗರದ ಬೂಥಮ್ ಶಾಲೆಯಲ್ಲಿಯೂ ಕೇಂಬ್ರಿಡ್ಜ್‌ನ ಲೇಯ್ಸ್ ಶಾಲೆಯಲ್ಲಿಯೂ ಓದಿದ ಅವರು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಿಂಗ್ಸ್ ಕಾಲೇಜನ್ನು ಸೇರಿ ನಿಸರ್ಗ ವಿಜ್ಞಾನಗಳಲ್ಲಿ ಪದವಿ ಪಡೆದರು. 1899ರಲ್ಲಿ ಅದೇ ಕಾಲೇಜಿನ ಫೆಲೋ ಆಗಿ ಆಯ್ಕೆಯಾದರು.

1903ರಲ್ಲಿ ಅವರು ಖಗೋಳ ವಿಜ್ಞಾನಿ ಸರ್ ರಾಬರ್ಟ್ ಬಾಲ್ ಅವರ ಪುತ್ರಿ ಮೇರಿ ಅಗ್ನೆಟಾ ಬಾಲ್ ಅವರನ್ನು ವಿವಾಹವಾದರು. ಈ ದಂಪತಿಯ ಪುತ್ರ ಹೆನ್ರಿ ಬಾರ್‌ಕ್ರಾಫ್ಟ್ ಕೂಡ ಹೆಸರಾಂತ ಶರೀರಕ್ರಿಯಾ ವಿಜ್ಞಾನಿಯಾದರು.

ರಕ್ತ ಮತ್ತು ಆಮ್ಲಜನಕದ ಅಧ್ಯಯನ

ಬಾರ್‌ಕ್ರಾಫ್ಟ್ ತಮ್ಮ ಸಂಶೋಧನೆಯನ್ನು ಜೊಲ್ಲುಗ್ರಂಥಿಗಳಿಂದ ಆರಂಭಿಸಿದರು. ಗ್ರಂಥಿಯೊಂದು ವಿಶ್ರಾಂತಿಯಲ್ಲಿರುವಾಗ ಎಷ್ಟು ಆಮ್ಲಜನಕವನ್ನು ಬಳಸುತ್ತದೆ, ಕೆಲಸ ಮಾಡುವಾಗ ಎಷ್ಟನ್ನು ಬಳಸುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಇದನ್ನು ಅಳೆಯಲು ಗ್ರಂಥಿಯೊಳಗೆ ಹೋಗುವ ಮತ್ತು ಅಲ್ಲಿಂದ ಹೊರಬರುವ ರಕ್ತದಲ್ಲಿರುವ ಅನಿಲಗಳನ್ನು ಪರೀಕ್ಷಿಸಬೇಕಿತ್ತು. ಆಗಿನ ವಿಧಾನಗಳಿಗೆ ಹೆಚ್ಚು ರಕ್ತ ಬೇಕಾಗುತ್ತಿತ್ತು. 1902ರಲ್ಲಿ ಬಾರ್‌ಕ್ರಾಫ್ಟ್ ಮತ್ತು ಜಾನ್ ಸ್ಕಾಟ್ ಹಾಲ್ಡೇನ್ ಇಬ್ಬರೂ ಸೇರಿ ಅತ್ಯಲ್ಪ ರಕ್ತದಿಂದಲೇ ಈ ಪರೀಕ್ಷೆ ನಡೆಸುವ ಉಪಕರಣವೊಂದನ್ನು ರೂಪಿಸಿದರು. ರಕ್ತಕ್ಕೆ ಫೆರಿಸಯನೈಡ್ ಲವಣವನ್ನು ಬೆರೆಸಿದಾಗ ಹಿಮೋಗ್ಲೋಬಿನ್ ಹಿಡಿದಿಟ್ಟ ಆಮ್ಲಜನಕ ಬಿಡುಗಡೆಯಾಗುತ್ತದೆ. ಆಗ ಉಂಟಾಗುವ ಒತ್ತಡದ ಬದಲಾವಣೆಯನ್ನು ಉಪಕರಣ ಅಳೆಯುತ್ತದೆ.

ಈ ಸಾಧನದ ನೆರವಿನಿಂದ ಬಾರ್‌ಕ್ರಾಫ್ಟ್ ಹಿಮೋಗ್ಲೋಬಿನ್‌ನ ಗುಣಗಳನ್ನು ವಿವರವಾಗಿ ಅಧ್ಯಯನ ಮಾಡಿದರು. ಸುತ್ತಲಿನ ಆಮ್ಲಜನಕದ ಒತ್ತಡ ಹೆಚ್ಚಿರುವಲ್ಲಿ ಹಿಮೋಗ್ಲೋಬಿನ್ ಅದನ್ನು ತುಂಬಿಕೊಳ್ಳುತ್ತದೆ, ಒತ್ತಡ ಕಡಿಮೆಯಿರುವಲ್ಲಿ ಬಿಟ್ಟುಕೊಡುತ್ತದೆ. ಒತ್ತಡಕ್ಕೂ ತುಂಬಿಕೆಗೂ ಇರುವ ಈ ಸಂಬಂಧವನ್ನು ನಕ್ಷೆಯಲ್ಲಿ ಗುರುತಿಸಿದಾಗ ಇಂಗ್ಲಿಷಿನ ಎಸ್ ಅಕ್ಷರವನ್ನು ಹೋಲುವ ವಕ್ರರೇಖೆ ದೊರೆಯುತ್ತದೆ. ಉಷ್ಣತೆ, ಆಮ್ಲತೆ ಮತ್ತು ಲವಣಗಳು ಈ ರೇಖೆಯನ್ನು ಹೇಗೆ ಅತ್ತಿತ್ತ ಸರಿಸುತ್ತವೆ ಎಂಬುದನ್ನು ಬಾರ್‌ಕ್ರಾಫ್ಟ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. ಕೆಲಸದಲ್ಲಿ ತೊಡಗಿ ಬಿಸಿಯಾದ, ಆಮ್ಲತೆ ಹೆಚ್ಚಿದ ಸ್ನಾಯುವಿನ ಬಳಿ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಹೀಗೆ, ಹೆಚ್ಚು ಅಗತ್ಯವಿರುವ ಕಡೆಗೆ ಹೆಚ್ಚು ಆಮ್ಲಜನಕ ದೊರೆಯುವ ವ್ಯವಸ್ಥೆ ರಕ್ತದಲ್ಲಿಯೇ ಇದೆ.

1910ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಅದೇ ವರ್ಷ ಕ್ಯಾನರಿ ದ್ವೀಪಗಳ ಟೆನೆರಿಫ್‌ಗೂ 1911ರಲ್ಲಿ ಆಲ್ಪ್ಸ್‌ನ ಮಾಂಟೆ ರೋಸಾ ಪರ್ವತಕ್ಕೂ ಹೋಗಿ, ಎತ್ತರದ ಪ್ರದೇಶಗಳಲ್ಲಿ ರಕ್ತದ ವರ್ತನೆಯನ್ನು ಪರೀಕ್ಷಿಸಿದರು. ಈ ಎಲ್ಲ ಫಲಿತಾಂಶಗಳನ್ನು ಒಳಗೊಂಡ ದಿ ರೆಸ್ಪಿರೇಟರಿ ಫಂಕ್ಷನ್ ಆಫ್ ದಿ ಬ್ಲಡ್ ಎಂಬ ಗ್ರಂಥ 1914ರಲ್ಲಿ ಪ್ರಕಟವಾಯಿತು.

ಮೊದಲನೆಯ ಮಹಾಯುದ್ಧ

1915ರಲ್ಲಿ ಯುದ್ಧಭೂಮಿಯಲ್ಲಿ ವಿಷಾನಿಲದ ಬಳಕೆ ದೊಡ್ಡ ಪ್ರಮಾಣದಲ್ಲಿ ಆರಂಭವಾದಾಗ ಉಸಿರಾಟ ಮತ್ತು ರಕ್ತದ ತಜ್ಞರ ನೆರವು ಬ್ರಿಟಿಷ್ ಸರ್ಕಾರಕ್ಕೆ ಅಗತ್ಯವಾಯಿತು. ಶಾಂತಿವಾದಿ ಕ್ವೇಕರ್ ಮನೆತನದಿಂದ ಬಂದಿದ್ದರೂ ಬಾರ್‌ಕ್ರಾಫ್ಟ್ ಈ ಕೆಲಸವನ್ನು ಒಪ್ಪಿಕೊಂಡರು. ಪೋರ್ಟನ್ ಡೌನ್‌ನಲ್ಲಿದ್ದ ಪ್ರಯೋಗ ಕೇಂದ್ರದಲ್ಲಿ ಅವರು ಶರೀರಕ್ರಿಯಾ ವಿಭಾಗವನ್ನು ನೋಡಿಕೊಂಡರು.

ಹೈಡ್ರೋಜನ್ ಸಯನೈಡ್ ಅನಿಲವು ಯುದ್ಧದಲ್ಲಿ ಎಷ್ಟು ಪರಿಣಾಮಕಾರಿ ಎಂಬ ವಿಷಯದಲ್ಲಿ ಆಗ ಭಿನ್ನಾಭಿಪ್ರಾಯವಿತ್ತು. ನಾಯಿಗಳ ಮೇಲೆ ನಡೆದ ಪ್ರಯೋಗಗಳ ಫಲಿತಾಂಶವನ್ನು ಮನುಷ್ಯರಿಗೆ ಅನ್ವಯಿಸಲಾಗದು ಎಂಬುದು ಬಾರ್‌ಕ್ರಾಫ್ಟ್ ಅವರ ಅಭಿಪ್ರಾಯವಾಗಿತ್ತು. ಅದನ್ನು ಸಾಬೀತುಪಡಿಸಲು ಅವರು ಮುಖವಾಡವಿಲ್ಲದೆ ಒಂದು ನಾಯಿಯೊಂದಿಗೆ ಆ ಅನಿಲ ತುಂಬಿದ ಕೋಣೆಯನ್ನು ಪ್ರವೇಶಿಸಿದರು. ಎರಡು ನಿಮಿಷಗಳೊಳಗೆ ನಾಯಿ ಪ್ರಜ್ಞೆ ತಪ್ಪಿ ಬಿದ್ದಿತು; ಬಾರ್‌ಕ್ರಾಫ್ಟ್ ತಾವಾಗಿಯೇ ನಡೆದು ಹೊರಬಂದರು. ಒಂದೇ ವಿಷಕ್ಕೆ ಬೇರೆ ಬೇರೆ ಪ್ರಾಣಿಗಳ ದೇಹ ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಯುದ್ಧಕಾಲದ ಸೇವೆಗಾಗಿ 1918ರಲ್ಲಿ ಅವರಿಗೆ ಸಿ.ಬಿ.ಇ. ಗೌರವ ದೊರೆಯಿತು.

ಆಮ್ಲಜನಕದ ಕೊರತೆಯ ಮೂರು ಬಗೆಗಳು

ವಿಷಾನಿಲದಿಂದ ಶ್ವಾಸಕೋಶ ಹಾಳಾದವರು, ಗಾಯಗಳಿಂದ ರಕ್ತ ಕಳೆದುಕೊಂಡವರು, ಆಘಾತದಿಂದ ರಕ್ತಪರಿಚಲನೆ ಕುಸಿದವರು ಹೀಗೆ ಯುದ್ಧವು ನಾನಾ ರೀತಿಯ ರೋಗಿಗಳನ್ನು ವೈದ್ಯರ ಮುಂದೆ ತಂದಿತ್ತು. ಎಲ್ಲರಲ್ಲಿಯೂ ಅಂಗಾಂಶಗಳಿಗೆ ಆಮ್ಲಜನಕ ಸಾಲದಾಗಿದ್ದರೂ ಕಾರಣಗಳು ಬೇರೆ ಬೇರೆಯಾಗಿದ್ದವು. 1920ರಲ್ಲಿ ಬಾರ್‌ಕ್ರಾಫ್ಟ್ ಈ ಕಾರಣಗಳನ್ನು ಮೂರಾಗಿ ವಿಂಗಡಿಸಿದರು.

ಮೊದಲನೆಯ ಬಗೆಯಲ್ಲಿ ರಕ್ತವು ಶ್ವಾಸಕೋಶದಲ್ಲಿಯೇ ಸಾಕಷ್ಟು ಆಮ್ಲಜನಕವನ್ನು ಪಡೆಯುವುದಿಲ್ಲ. ಎತ್ತರದ ಪರ್ವತಗಳಲ್ಲಿಯೂ ಶ್ವಾಸಕೋಶದ ರೋಗಗಳಲ್ಲಿಯೂ ಹೀಗಾಗುತ್ತದೆ. ಎರಡನೆಯದು ರಕ್ತಹೀನತೆಯ ಬಗೆ. ಇಲ್ಲಿ ಶ್ವಾಸಕೋಶ ಸರಿಯಾಗಿದೆ, ಗಾಳಿಯೂ ಸರಿಯಾಗಿದೆ. ಆದರೆ ಆಮ್ಲಜನಕವನ್ನು ಹೊರಬಲ್ಲ ಹಿಮೋಗ್ಲೋಬಿನ್ ಕಡಿಮೆಯಾಗಿದೆ. ಮೂರನೆಯ ಬಗೆಯಲ್ಲಿ ರಕ್ತವು ಗುಣದಲ್ಲಿ ಸರಿಯಿದ್ದರೂ ಅದರ ಹರಿವು ನಿಧಾನವಾಗಿರುತ್ತದೆ. ಜೀವಕೋಶಗಳೇ ಆಮ್ಲಜನಕವನ್ನು ಬಳಸಿಕೊಳ್ಳಲಾಗದ ನಾಲ್ಕನೆಯ ಬಗೆಯನ್ನು ಮುಂದೆ ಇತರ ವಿಜ್ಞಾನಿಗಳು ಸೇರಿಸಿದರು. ಸಯನೈಡ್ ವಿಷ ಇದಕ್ಕೆ ಉದಾಹರಣೆ.

ಚಿಕಿತ್ಸೆಯ ಆಯ್ಕೆಗೆ ಈ ವಿಂಗಡಣೆ ಆಧಾರವಾಯಿತು. ಮೊದಲ ಬಗೆಯ ರೋಗಿಗೆ ಆಮ್ಲಜನಕವನ್ನು ಉಸಿರಾಡಲು ಕೊಟ್ಟರೆ ದೊಡ್ಡ ಪ್ರಯೋಜನವಾಗುತ್ತದೆ. ರಕ್ತಹೀನತೆಯ ರೋಗಿಯಲ್ಲಿ ಉಳಿದಿರುವ ಹಿಮೋಗ್ಲೋಬಿನ್ ಶ್ವಾಸಕೋಶದಲ್ಲಿ ಆಗಲೇ ಬಹುಮಟ್ಟಿಗೆ ಪೂರ್ಣವಾಗಿ ತುಂಬಿರುತ್ತದೆ. ಹೆಚ್ಚುವರಿ ಆಮ್ಲಜನಕವು ರಕ್ತದ ದ್ರವಭಾಗದಲ್ಲಿ ಮಾತ್ರ ಕರಗಬೇಕು. ಶುದ್ಧ ಆಮ್ಲಜನಕವನ್ನು ಉಸಿರಾಡಿದರೂ ಹಾಗೆ ಕರಗುವುದು 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 2 ಮಿಲಿಲೀಟರ್ ಅಷ್ಟೇ. ಆದ್ದರಿಂದ ಅಂಥ ರೋಗಿಗೆ ಮುಖ್ಯವಾಗಿ ಬೇಕಾಗುವುದು ರಕ್ತಸ್ರಾವವನ್ನು ನಿಲ್ಲಿಸುವುದು ಮತ್ತು ರಕ್ತವನ್ನು ಮರುಪೂರಣ ಮಾಡುವುದು.

ತೀವ್ರ ರಕ್ತಹೀನತೆಯಲ್ಲಿ ದೇಹದ ಪ್ರತಿಕ್ರಿಯೆ

ಬಾರ್‌ಕ್ರಾಫ್ಟ್ ಅವರ ಕಾಲದಿಂದ ಇಂದಿನವರೆಗೆ ಬೆಳೆದುಬಂದ ತಿಳಿವಳಿಕೆಯ ಪ್ರಕಾರ ರಕ್ತಹೀನತೆಯಲ್ಲಿ ದೇಹವು ಹಲವು ಮೀಸಲುಗಳನ್ನು ಬಳಸಿಕೊಳ್ಳುತ್ತದೆ. ಆರೋಗ್ಯವಂತನ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 15 ಗ್ರಾಂ ಹಿಮೋಗ್ಲೋಬಿನ್ ಇದ್ದು, ಅದು ಸುಮಾರು 20 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. ವಿಶ್ರಾಂತಿಯಲ್ಲಿ ಅಂಗಾಂಶಗಳು ಇದರಲ್ಲಿ ಸುಮಾರು 5 ಮಿಲಿಲೀಟರ್ ಮಾತ್ರ ಪಡೆಯುತ್ತವೆ. ಉಳಿದ 15 ಮಿಲಿಲೀಟರ್ ಹೃದಯಕ್ಕೆ ಹಿಂದಿರುಗುತ್ತದೆ. ಈ ಉಳಿಕೆಯೇ ದೇಹದ ಮೊದಲ ಮೀಸಲು. ಹಿಮೋಗ್ಲೋಬಿನ್ ಅರ್ಧಕ್ಕೆ ಇಳಿದರೆ ಹೊರುವ ಆಮ್ಲಜನಕ 10 ಮಿಲಿಲೀಟರ್ ಆಗುತ್ತದೆ. ಅಂಗಾಂಶಗಳು ಅದರಲ್ಲಿ 5 ಮಿಲಿಲೀಟರ್ ಪಡೆದರೂ ಸ್ವಲ್ಪ ಉಳಿಯುತ್ತದೆ, ಆದರೆ ರಕ್ತನಾಳದಿಂದ ಜೀವಕೋಶದತ್ತ ಆಮ್ಲಜನಕವನ್ನು ತಳ್ಳುವ ಒತ್ತಡ ಕುಗ್ಗುತ್ತದೆ.

ಎರಡನೆಯ ಮೀಸಲು ಹೃದಯ. ಕೆಂಪು ರಕ್ತಕಣಗಳು ಕಡಿಮೆಯಾದಾಗ ರಕ್ತ ತೆಳುವಾಗಿ ಸುಲಭವಾಗಿ ಹರಿಯುತ್ತದೆ. ಅಂಗಾಂಶಗಳಲ್ಲಿ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಹೃದಯವು ವೇಗವಾಗಿ ಬಡಿದು ನಿಮಿಷಕ್ಕೆ ಹೆಚ್ಚು ರಕ್ತವನ್ನು ಹೊರದೂಡುತ್ತದೆ. ರಕ್ತಹೀನತೆಯ ರೋಗಿಗಳಲ್ಲಿ ಕಂಡುಬರುವ ಎದೆಬಡಿತ ಮತ್ತು ಏದುಸಿರು ಈ ಶ್ರಮದ ಲಕ್ಷಣಗಳು. ಆದರೆ ಹೃದಯದ ಸ್ನಾಯು ವಿಶ್ರಾಂತಿಯಲ್ಲಿಯೂ ತನಗೆ ಬರುವ ಆಮ್ಲಜನಕದ ಬಹುಪಾಲನ್ನು ಬಳಸಿಬಿಡುತ್ತದೆ. ಆದ್ದರಿಂದ ಹೆಚ್ಚಿನ ಆಮ್ಲಜನಕ ಬೇಕಾದರೆ ಅದಕ್ಕೆ ಹೆಚ್ಚಿನ ರಕ್ತವೇ ಬರಬೇಕು. ಹೃದಯದ ರಕ್ತನಾಳಗಳು ಕಿರಿದಾಗಿರುವವರಿಗೆ ತೀವ್ರ ರಕ್ತಹೀನತೆ ವಿಶೇಷವಾಗಿ ಅಪಾಯಕಾರಿಯಾಗಲು ಇದೇ ಕಾರಣ.

ರಕ್ತಸ್ರಾವದಿಂದ ಹಠಾತ್ತಾಗಿ ರಕ್ತ ಕಳೆದುಹೋದಾಗ ಸ್ಥಿತಿ ಇನ್ನೂ ಜಟಿಲವಾಗುತ್ತದೆ. ಆಗ ಹಿಮೋಗ್ಲೋಬಿನ್ ಜೊತೆಗೆ ರಕ್ತದ ಒಟ್ಟು ಪ್ರಮಾಣವೂ ಕುಸಿಯುತ್ತದೆ. ಚರ್ಮ, ಕರುಳು ಮತ್ತು ಮೂತ್ರಪಿಂಡಗಳ ರಕ್ತನಾಳಗಳು ಸಂಕುಚಿತಗೊಂಡು, ಮಿದುಳು ಮತ್ತು ಹೃದಯಗಳಿಗೆ ರಕ್ತ ಉಳಿಯುವಂತೆ ಮಾಡುತ್ತವೆ. ರೋಗಿಯ ಚರ್ಮ ಬಿಳಿಚಿ ತಣ್ಣಗಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಈ ಹಂತದಲ್ಲಿ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ ಪ್ರಮಾಣ ಸಾಮಾನ್ಯವಾಗಿಯೇ ಕಾಣಬಹುದು. ಏಕೆಂದರೆ ಕಣಗಳೂ ದ್ರವವೂ ಒಂದೇ ಅನುಪಾತದಲ್ಲಿ ಹೋಗಿರುತ್ತವೆ. ನಂತರದ ಗಂಟೆಗಳಲ್ಲಿ ಅಂಗಾಂಶಗಳಿಂದ ದ್ರವವು ರಕ್ತನಾಳಗಳಿಗೆ ಸೇರಿದಾಗಲೇ ರಕ್ತಹೀನತೆ ಪರೀಕ್ಷೆಯಲ್ಲಿ ಗೋಚರಿಸುತ್ತದೆ.

ನಿಧಾನವಾದ ಪ್ರತಿಕ್ರಿಯೆಗಳೂ ಇವೆ. ಮೂತ್ರಪಿಂಡಗಳು ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಸ್ರವಿಸಿ ಹೊಸ ಕೆಂಪು ಕಣಗಳನ್ನು ತಯಾರಿಸುವಂತೆ ಮೂಳೆಯ ಮಜ್ಜೆಯನ್ನು ಪ್ರಚೋದಿಸುತ್ತವೆ. ಎಳೆಯ ಕಣಗಳು ರಕ್ತದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳಲು ಕೆಲವು ದಿನಗಳು ಬೇಕು. ಕೆಂಪು ಕಣಗಳೊಳಗಿನ ಡೈಫಾಸ್ಫೋಗ್ಲಿಸರೇಟ್ ಎಂಬ ವಸ್ತು ಹೆಚ್ಚಿ, ಹಿಮೋಗ್ಲೋಬಿನ್ ಆಮ್ಲಜನಕವನ್ನು ಇನ್ನಷ್ಟು ಸುಲಭವಾಗಿ ಬಿಟ್ಟುಕೊಡುವಂತೆ ಮಾಡುತ್ತದೆ. ಈ ವಸ್ತುವಿನ ಪಾತ್ರ ತಿಳಿದುಬಂದದ್ದು ಬಾರ್‌ಕ್ರಾಫ್ಟ್ ಅವರ ನಿಧನಾನಂತರ, 1967ರಲ್ಲಿ. ಹೊಸ ಕಣಗಳು ಸಿದ್ಧವಾಗುವವರೆಗೆ ರೋಗಿಯ ಜೀವ ಉಳಿಯುವುದು ಮೊದಲ ಎರಡು ಮೀಸಲುಗಳ ಬಲದಿಂದ.

ಕಾರ್ಬನ್ ಮಾನಾಕ್ಸೈಡ್ ವಿಷವನ್ನೂ ಬಾರ್‌ಕ್ರಾಫ್ಟ್ ಅವರ ಎರಡನೆಯ ಬಗೆಗೆ ಸೇರಿಸಲಾಗುತ್ತದೆ. ಈ ಅನಿಲ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಆದರೆ ಅರ್ಧ ಹಿಮೋಗ್ಲೋಬಿನ್ ಕಳೆದುಕೊಂಡ ರಕ್ತಹೀನತೆಯ ರೋಗಿ ಓಡಾಡಿಕೊಂಡಿರಬಹುದಾದರೆ, ಅರ್ಧ ಹಿಮೋಗ್ಲೋಬಿನ್ ಈ ಅನಿಲದ ಪಾಲಾದವನು ಕುಸಿದು ಬೀಳುತ್ತಾನೆ. ವಿಷದ ಪ್ರಭಾವದಿಂದ ಉಳಿದ ಹಿಮೋಗ್ಲೋಬಿನ್ ತನ್ನಲ್ಲಿರುವ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡು ಅಂಗಾಂಶಗಳಿಗೆ ಬಿಟ್ಟುಕೊಡದಿರುವುದೇ ಈ ವ್ಯತ್ಯಾಸಕ್ಕೆ ಕಾರಣ.

ಗಾಜಿನ ಕೋಣೆಯ ಪ್ರಯೋಗ

ಆಮ್ಲಜನಕದ ಕೊರತೆ ಉಂಟಾದಾಗ ಶ್ವಾಸಕೋಶವು ಅದನ್ನು ಸಕ್ರಿಯವಾಗಿ ರಕ್ತದೊಳಗೆ ಸ್ರವಿಸುತ್ತದೆ ಎಂಬ ವಾದವನ್ನು ಹಾಲ್ಡೇನ್ ಮಂಡಿಸಿದ್ದರು. ಆಮ್ಲಜನಕವು ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ ತಾನಾಗಿಯೇ ಹರಡುತ್ತದೆ ಎಂಬುದು ಬಾರ್‌ಕ್ರಾಫ್ಟ್ ಅವರ ನಿಲುವು. ಹಿಂದೆ ಒಟ್ಟಿಗೆ ಉಪಕರಣ ರೂಪಿಸಿದ್ದ ಇಬ್ಬರು ಈಗ ಎದುರುಬದುರು ಪಕ್ಷಗಳಲ್ಲಿದ್ದರು.

1920ರಲ್ಲಿ ಬಾರ್‌ಕ್ರಾಫ್ಟ್ ಕೇಂಬ್ರಿಡ್ಜ್‌ನಲ್ಲಿ ನಿರ್ಮಿಸಿದ ಗಾಜಿನ ಕೋಣೆಯೊಂದರಲ್ಲಿ ಆರು ದಿನ ವಾಸಿಸಿದರು. ಒಳಗಿನ ಗಾಳಿಯಲ್ಲಿ ಆಮ್ಲಜನಕವನ್ನು ಕ್ರಮೇಣ ಇಳಿಸುತ್ತ, ಕೊನೆಗೆ ಎತ್ತರದ ಪರ್ವತದಲ್ಲಿರುವ ಮಟ್ಟಕ್ಕೆ ತರಲಾಯಿತು. ಕೊನೆಯ ದಿನ ಅವರ ಎಡ ಮಣಿಕಟ್ಟಿನ ಅಪಧಮನಿಯನ್ನು ತೆರೆದು, ವಿಶ್ರಾಂತಿಯಲ್ಲಿಯೂ ವ್ಯಾಯಾಮದ ಸಮಯದಲ್ಲಿಯೂ ರಕ್ತದ ಮಾದರಿಗಳನ್ನು ತೆಗೆಯಲಾಯಿತು. ಅಪಧಮನಿಯ ರಕ್ತ ಕಪ್ಪಾಗಿ ಕಂಡಿತು. ಅದರಲ್ಲಿದ್ದ ಆಮ್ಲಜನಕದ ಒತ್ತಡ ಶ್ವಾಸಕೋಶದ ಗಾಳಿಯಲ್ಲಿದ್ದುದಕ್ಕಿಂತ ಹೆಚ್ಚಿರಲಿಲ್ಲ. ಶ್ವಾಸಕೋಶವು ಆಮ್ಲಜನಕವನ್ನು ಸ್ರವಿಸುತ್ತದೆ ಎಂಬ ವಾದಕ್ಕೆ ಈ ಫಲಿತಾಂಶ ಬಲವಾದ ಪೆಟ್ಟು ನೀಡಿತು.

ಪೆರು ದೇಶದ ಸಂಶೋಧನಾ ಯಾತ್ರೆ

ಅದೇ ಪ್ರಶ್ನೆಯನ್ನು ನಿಜವಾದ ಪರ್ವತ ಪ್ರದೇಶದಲ್ಲಿ ಪರೀಕ್ಷಿಸಲು ಬಾರ್‌ಕ್ರಾಫ್ಟ್ 1921–22ರ ಚಳಿಗಾಲದಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಜ್ಞಾನಿಗಳ ತಂಡವೊಂದನ್ನು ಪೆರು ದೇಶದ ಸೆರೊ ಡಿ ಪಾಸ್ಕೊ ಎಂಬ ಗಣಿ ಪಟ್ಟಣಕ್ಕೆ ಕರೆದೊಯ್ದರು. ಈ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 4,300 ಮೀಟರ್ ಎತ್ತರದಲ್ಲಿದೆ. ಅಲ್ಲಿಯೂ ಆಮ್ಲಜನಕದ ಸ್ರವಿಕೆಗೆ ಪುರಾವೆ ಸಿಗಲಿಲ್ಲ. ಎತ್ತರಕ್ಕೆ ಹೊಂದಿಕೊಂಡ ಜನರ ರಕ್ತದಲ್ಲಿ ಕೆಂಪು ಕಣಗಳು ಮತ್ತು ಹಿಮೋಗ್ಲೋಬಿನ್ ಹೆಚ್ಚಾಗಿರುವುದನ್ನು ತಂಡವು ದಾಖಲಿಸಿತು.

ಎತ್ತರದಲ್ಲಿ ವಾಸಿಸುವವರ ದೈಹಿಕ ಮತ್ತು ಮಾನಸಿಕ ಸಾಮರ್ಥ್ಯ ಕುಂದಿರುತ್ತದೆ ಎಂದು ಬಾರ್‌ಕ್ರಾಫ್ಟ್ ಈ ಯಾತ್ರೆಯ ಬಳಿಕ ಬರೆದದ್ದು ಟೀಕೆಗೆ ಗುರಿಯಾಯಿತು. ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ ಮೆಡ್ರಾನೊ ಇದನ್ನು ತೀವ್ರವಾಗಿ ವಿರೋಧಿಸಿದರು. ಸಮುದ್ರಮಟ್ಟದಿಂದ ಬಂದವರ ಅನುಭವವನ್ನು ತಲೆಮಾರುಗಳಿಂದ ಆಂಡೀಸ್ ಪರ್ವತಗಳಲ್ಲಿ ಬಾಳಿದವರಿಗೆ ಅನ್ವಯಿಸುವುದು ತಪ್ಪೆಂಬುದು ಅವರ ವಾದವಾಗಿತ್ತು. ಈ ವಿವಾದವು ಪೆರುವಿನಲ್ಲಿ ಎತ್ತರ ಪ್ರದೇಶದ ಶರೀರಕ್ರಿಯಾ ಸಂಶೋಧನೆ ಬೆಳೆಯಲು ಪ್ರೇರಣೆ ನೀಡಿತು.

ಗುಲ್ಮದ ಕುರಿತ ಸಂಶೋಧನೆ

ಪೆರು ಯಾತ್ರೆಯ ಹಡಗು ಪ್ರಯಾಣದಲ್ಲಿ ಮತ್ತೊಂದು ಅನಿರೀಕ್ಷಿತ ಸಂಗತಿ ಬೆಳಕಿಗೆ ಬಂದಿತು. ಉಷ್ಣವಲಯವನ್ನು ದಾಟುವಾಗ ತಂಡದ ಸದಸ್ಯರ ದೇಹದಲ್ಲಿ ಹರಿಯುತ್ತಿದ್ದ ರಕ್ತದ ಪ್ರಮಾಣ ಹೆಚ್ಚಿದಂತೆ ಕಂಡಿತು. ಹಾಗಾದರೆ ಈ ಹೆಚ್ಚುವರಿ ರಕ್ತ ಮೊದಲು ಎಲ್ಲಿ ಸಂಗ್ರಹವಾಗಿತ್ತು ಎಂಬ ಪ್ರಶ್ನೆ ಎದ್ದಿತು. ಉತ್ತರವನ್ನು ಹುಡುಕುತ್ತ ಬಾರ್‌ಕ್ರಾಫ್ಟ್ ಗುಲ್ಮದ ಕಡೆಗೆ ಗಮನ ಹರಿಸಿದರು.

ಸಣ್ಣ ಪ್ರಾಣಿಗಳು ಕಾರ್ಬನ್ ಮಾನಾಕ್ಸೈಡ್ ಬೆರೆತ ಗಾಳಿಯನ್ನು ಉಸಿರಾಡಿದಾಗ, ಹರಿಯುವ ರಕ್ತಕ್ಕೆ ಆ ಅನಿಲ ಬೇಗನೆ ಸೇರುತ್ತಿತ್ತು. ಗುಲ್ಮದೊಳಗಿನ ರಕ್ತಕ್ಕೆ ತಡವಾಗಿ ಸೇರುತ್ತಿತ್ತು. ಗುಲ್ಮದಲ್ಲಿರುವ ರಕ್ತವು ಮುಖ್ಯ ಪರಿಚಲನೆಯಿಂದ ಬೇರ್ಪಟ್ಟಿದೆ ಎಂಬುದು ಇದರಿಂದ ತಿಳಿಯಿತು. 1923ರಲ್ಲಿ ಪ್ರಕಟವಾದ ಈ ಸಂಶೋಧನೆಯಲ್ಲಿ ಪುತ್ರ ಹೆನ್ರಿ ಸಹಲೇಖಕರಾಗಿದ್ದರು. ಮುಂದಿನ ಪ್ರಯೋಗಗಳಲ್ಲಿ ಬಾರ್‌ಕ್ರಾಫ್ಟ್ ನಾಯಿಗಳ ಗುಲ್ಮವನ್ನು ಶಸ್ತ್ರಕ್ರಿಯೆಯ ಮೂಲಕ ದೇಹದ ಹೊರಮೈಗೆ ತಂದು, ಅದರ ಗಾತ್ರವನ್ನು ನೇರವಾಗಿ ಅಳೆದರು. ವ್ಯಾಯಾಮ, ಉದ್ವೇಗ ಹಾಗೂ ರಕ್ತಸ್ರಾವದ ಸಂದರ್ಭಗಳಲ್ಲಿ ಗುಲ್ಮ ಕುಗ್ಗಿ, ಕೆಂಪು ಕಣಗಳು ದಟ್ಟವಾಗಿರುವ ರಕ್ತವನ್ನು ಪರಿಚಲನೆಗೆ ಸೇರಿಸುತ್ತಿತ್ತು.

ನಾಯಿ ಮತ್ತು ಕುದುರೆಗಳಲ್ಲಿ ಈ ಸಂಗ್ರಹ ದೊಡ್ಡದು. ಮನುಷ್ಯರ ಗುಲ್ಮವೂ ಕುಗ್ಗುತ್ತದೆಯಾದರೂ ಅದರಿಂದ ದೊರೆಯುವ ಕಣಗಳು ಕಡಿಮೆ. ಆದ್ದರಿಂದ ರಕ್ತಸ್ರಾವಕ್ಕೊಳಗಾದ ಮನುಷ್ಯನು ಮುಖ್ಯವಾಗಿ ಹೃದಯ ಮತ್ತು ರಕ್ತನಾಳಗಳ ಹೊಂದಾಣಿಕೆಯನ್ನೇ ಅವಲಂಬಿಸಬೇಕಾಗುತ್ತದೆ.

ಪ್ರಾಧ್ಯಾಪಕ ಹುದ್ದೆ ಮತ್ತು ಭ್ರೂಣದ ಅಧ್ಯಯನ

1925ರಲ್ಲಿ ಬಾರ್‌ಕ್ರಾಫ್ಟ್ ಕೇಂಬ್ರಿಡ್ಜ್‌ನ ಶರೀರಕ್ರಿಯಾ ವಿಜ್ಞಾನ ಪ್ರಾಧ್ಯಾಪಕರಾಗಿ ನೇಮಕಗೊಂಡು 1937ರವರೆಗೆ ಆ ಹುದ್ದೆಯಲ್ಲಿದ್ದರು. ರಕ್ತದ ಕುರಿತ ಅವರ ಗ್ರಂಥದ ಎರಡನೆಯ ಆವೃತ್ತಿ 1925 ಮತ್ತು 1928ರಲ್ಲಿ ಎರಡು ಭಾಗಗಳಾಗಿ ಹೊರಬಂದಿತು. ದೇಹದ ಒಳಪರಿಸರ ಸ್ಥಿರವಾಗಿರುವುದರ ಮಹತ್ವವನ್ನು ಚರ್ಚಿಸುವ ಫೀಚರ್ಸ್ ಇನ್ ದಿ ಆರ್ಕಿಟೆಕ್ಚರ್ ಆಫ್ ಫಿಸಿಯಲಾಜಿಕಲ್ ಫಂಕ್ಷನ್ ಎಂಬ ಕೃತಿ 1934ರಲ್ಲಿ ಪ್ರಕಟವಾಯಿತು. ತೀವ್ರ ಚಳಿಯಲ್ಲಿ ಬಟ್ಟೆಯಿಲ್ಲದೆ ಮಲಗಿ ತಮ್ಮ ಮೇಲೆಯೇ ನಡೆಸಿಕೊಂಡ ಪ್ರಯೋಗದ ಅನುಭವವನ್ನೂ ಅವರು ಈ ಚರ್ಚೆಗೆ ಬಳಸಿಕೊಂಡರು. ಒಳಪರಿಸರ ಏರುಪೇರಾದಾಗ ಮನಸ್ಸಿನ ಸೂಕ್ಷ್ಮ ಶಕ್ತಿಗಳು ಬೇಗನೆ ಕುಗ್ಗುತ್ತವೆ ಎಂಬುದು ಅವರ ನಿರ್ಣಯ.

1930ರ ದಶಕದಲ್ಲಿ ಅವರು ಗರ್ಭದಲ್ಲಿರುವ ಭ್ರೂಣದ ಕಡೆಗೆ ತಿರುಗಿದರು. ಭ್ರೂಣಕ್ಕೆ ತಾಯಿಯ ರಕ್ತದಿಂದ ದೊರೆಯುವ ಆಮ್ಲಜನಕದ ಒತ್ತಡ ಬಹಳ ಕಡಿಮೆ. ಇದನ್ನು ಅವರು ಎತ್ತರದ ಪರ್ವತದ ಪರಿಸ್ಥಿತಿಗೆ ಹೋಲಿಸಿದರು. ಕುರಿಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ ಭ್ರೂಣದ ಉಸಿರಾಟದ ಚಲನೆ, ರಕ್ತಪರಿಚಲನೆ ಮತ್ತು ರಕ್ತದ ಗುಣಗಳನ್ನು ದಾಖಲಿಸಿದರು. ಈ ಕೆಲಸವನ್ನು ಒಳಗೊಂಡ ರಿಸರ್ಚಸ್ ಆನ್ ಪ್ರೀ-ನೇಟಲ್ ಲೈಫ್ ಎಂಬ ಗ್ರಂಥ 1946ರಲ್ಲಿ ಬಂದಿತು. ಭ್ರೂಣ ಮತ್ತು ನವಜಾತ ಶಿಶುಗಳ ಶರೀರಕ್ರಿಯಾ ವಿಜ್ಞಾನಕ್ಕೆ ಇದು ಬುನಾದಿಯ ಕೃತಿಗಳಲ್ಲಿ ಒಂದು.

ಕೊನೆಯ ವರ್ಷಗಳು ಮತ್ತು ಗೌರವಗಳು

ಎರಡನೆಯ ಮಹಾಯುದ್ಧದ ಸಮಯದಲ್ಲಿ ಅವರು ಮತ್ತೆ ಪೋರ್ಟನ್ ಡೌನ್‌ನಲ್ಲಿ ಸೇವೆ ಸಲ್ಲಿಸಿದರು. 1941ರಿಂದ ಕೃಷಿ ಸಂಶೋಧನಾ ಮಂಡಳಿಯ ಪ್ರಾಣಿ ಶರೀರಕ್ರಿಯಾ ಘಟಕದ ಮುಖ್ಯಸ್ಥರಾಗಿ, ಮೆಲುಕು ಹಾಕುವ ಪ್ರಾಣಿಗಳ ಜೀರ್ಣಕ್ರಿಯೆಯ ಅಧ್ಯಯನವನ್ನು ಮುನ್ನಡೆಸಿದರು. ಕೊನೆಯವರೆಗೂ ಸಂಶೋಧನೆಯಲ್ಲಿ ತೊಡಗಿದ್ದ ಅವರು ಮಾರ್ಚ್ 21, 1947ರಂದು ಕೇಂಬ್ರಿಡ್ಜ್‌ನಲ್ಲಿ ನಿಧನರಾದರು.

ರಾಯಲ್ ಸೊಸೈಟಿಯು ಅವರಿಗೆ 1922ರಲ್ಲಿ ರಾಯಲ್ ಪದಕವನ್ನೂ 1943ರಲ್ಲಿ ಕಾಪ್ಲಿ ಪದಕವನ್ನೂ ನೀಡಿತು. 1935ರಲ್ಲಿ ಅವರಿಗೆ ನೈಟ್ ಪದವಿ ದೊರೆಯಿತು.

ಪ್ರಭಾವ

ಆಮ್ಲಜನಕ ಕೊರತೆಯ ಕುರಿತ ಬಾರ್‌ಕ್ರಾಫ್ಟ್ ಅವರ ವಿಂಗಡಣೆ ಇಂದಿಗೂ ವೈದ್ಯಕೀಯ ಪಠ್ಯಪುಸ್ತಕಗಳಲ್ಲಿದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಹಿಮೋಗ್ಲೋಬಿನ್‌ನ ಶೇಕಡಾ ಎಷ್ಟು ಭಾಗ ಆಮ್ಲಜನಕದಿಂದ ತುಂಬಿದೆ ಎಂಬುದನ್ನು ತೋರಿಸುತ್ತದೆಯೇ ಹೊರತು ಒಟ್ಟು ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನಲ್ಲ. ತೀವ್ರ ರಕ್ತಹೀನತೆಯ ರೋಗಿಯಲ್ಲಿ ಅದು ಸಾಮಾನ್ಯ ಸಂಖ್ಯೆಯನ್ನೇ ತೋರಿಸಬಹುದು. ತುಟಿ ಮತ್ತು ಉಗುರುಗಳು ನೀಲಿಗಟ್ಟುವ ಲಕ್ಷಣವೂ ಅಂಥ ರೋಗಿಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ; ನೀಲಿ ಬಣ್ಣ ಬರಲು ಬೇಕಾದಷ್ಟು ಹಿಮೋಗ್ಲೋಬಿನ್ ಅವನಲ್ಲಿ ಇರುವುದಿಲ್ಲ. ಈ ಎರಡೂ ಸಂಗತಿಗಳು ಬಾರ್‌ಕ್ರಾಫ್ಟ್ ಗುರುತಿಸಿದ ಎರಡನೆಯ ಬಗೆಯ ಸ್ವರೂಪದಿಂದಲೇ ಅರ್ಥವಾಗುತ್ತವೆ.

ರಕ್ತಸ್ರಾವದ ಅಧ್ಯಯನವನ್ನು ಅವರ ಪುತ್ರ ಹೆನ್ರಿ ಮುಂದುವರಿಸಿದರು. 1944ರಲ್ಲಿ ಹೆನ್ರಿ ಮತ್ತು ಸಹೋದ್ಯೋಗಿಗಳು ಸ್ವಯಂಸೇವಕರಿಂದ ರಕ್ತ ತೆಗೆದು ಹೃದಯ ಮತ್ತು ಮುಂದೋಳಿನ ರಕ್ತದ ಹರಿವನ್ನು ಅಳೆದರು. ರಕ್ತ ಕಳೆದುಕೊಂಡವರು ಮೂರ್ಛೆ ಹೋಗುವ ಗಳಿಗೆಯಲ್ಲಿ ಸ್ನಾಯುಗಳ ರಕ್ತನಾಳಗಳು ಇದ್ದಕ್ಕಿದ್ದಂತೆ ಹಿಗ್ಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ ಎಂಬುದನ್ನು ಅವರು ತೋರಿಸಿದರು. ಅಲ್ಲಿಯವರೆಗೆ ದೇಹವನ್ನು ಕಾಪಾಡಿದ್ದ ಸಂಕೋಚನ ಕೈಬಿಡುವ ಹಂತವನ್ನು ಗುರುತಿಸಿದ ಈ ಕೆಲಸವು ರಕ್ತಸ್ರಾವಕ್ಕೆ ದೇಹದ ಪ್ರತಿಕ್ರಿಯೆಯ ತಿಳಿವಳಿಕೆಗೆ ಮಹತ್ವದ ಸೇರ್ಪಡೆಯಾಯಿತು.